ದೇವದೂತನಿಗೆ ಗೋಧಿ ಇಲ್ಲ

“ಸಾಕ್ಷಿ ಬೇಕು, ಸಾಕ್ಷಿ ಬೇಕು ಅಂತ ಪ್ರಾಣ ತಿಂತೀಯಲ್ಲ ದೊಡ್ಡಪ್ಪ, ತಗೋ ಸಾಕ್ಷಿ!”

ಡೊಮಾಗೊಯ್ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದ. ಪ್ಲಾಸ್ಟಿಕ್ ಚೀಲದೊಳಗೊಂದು ಬಿಳಿ ಪಿಂಗಾಣಿ ಬಟ್ಟಲು, ಅದರ ತುಂಬ ಬೇಯಿಸಿದ ಗೋಧಿ. ಸಕ್ಕರೆ, ಅಕ್ರೋಟು ಸೇರಿಸಿ ಅರೆದು ಪುಟ್ಟ ಗುಡ್ಡದ ಹಾಗೆ ಒತ್ತಿದ್ದರು. ನೆತ್ತಿಯಲ್ಲಿ ನೆಟ್ಟ ಮೇಣದಬತ್ತಿ ಅರ್ಧ ಉರಿದು ಆರಿತ್ತು.

ಶುಕ್ರವಾರ ಸಂಜೆ ನಿವೃತ್ತ ಮೇಷ್ಟ್ರು ಯಾಕೋವ್ ಮಿಲ್ಕೊವಿಚ್ ತಲೆಯೊಡೆದು ಸತ್ತು ಬಿದ್ದಿದ್ದ ಕೋಣೆಯಲ್ಲಿ, ಅವರ ತಲೆದೆಸೆಗೇ ಇದ್ದ ಬಟ್ಟಲು ಇದು.

“ಶುಕ್ರವಾರ ಗೊಯ್ಕೊ ಮನೆದೇವರ ಹಬ್ಬ. ಇಡೀ ಬುಕೊವಾ ಊರಿಗೇ ಗೊತ್ತು,” ಎಂದ ಡೊಮಾಗೊಯ್. “ಹೋದ ವಾರ ಹೆಂಡದಂಗಡೀಲಿ ಮೇಷ್ಟ್ರ ಕೊರಳಪಟ್ಟಿ ಹಿಡಿದಿದ್ದ, ಅದೂ ಗೊತ್ತು. ರಾಜಿ ಮಾಡ್ಕೊಳ್ಳೋಕೆ ಹಬ್ಬದ ಗೋಧಿ ಹಿಡ್ಕೊಂಡು ಹೋದ. ಮಾತಿಗೆ ಮಾತು ಬೆಳೀತು. ಒಲೆ ಕೆದಕೋ ಸಲಾಕೆ ಕೈಗೆ ಸಿಕ್ತು. ಮುಗೀತು ಕಥೆ. ನಾಳೆ ಬೆಳಿಗ್ಗೆ ಎಂಟಕ್ಕೆ ಜಿಲ್ಲಾ ಕೋರ್ಟಿಗೆ ಸಾಗಿಸ್ತೀನಿ.”

ಡೊಮಾಗೊಯ್ ನನ್ನ ತಮ್ಮ ಆಂಟೆಯ ಮಗ. ಮೂವತ್ತೆರಡಕ್ಕೇ ಠಾಣೆಯ ಮುಖ್ಯಸ್ಥ. ನಾನು ಸ್ಲಾವ್ಕೊ ಡೊಶೆನ್, ಮೂವತ್ತೊಂದು ವರ್ಷ ಕೊಲೆಗಳ ಬೆನ್ನು ಹತ್ತಿ ಈಗ ಪಿಂಚಣಿ ತಿನ್ನುವವನು. ಗೊಯ್ಕೊನ ಹೆಂಡತಿ ಸಾವ್ಕಾ ನನ್ನ ಬಾಗಿಲಿಗೆ ಬಂದು ಅತ್ತಳು ಅನ್ನುವ ಒಂದೇ ಕಾರಣಕ್ಕೆ ಮತ್ತೆ ಈ ಠಾಣೆಯ ಮೆಟ್ಟಿಲು ಹತ್ತಿದ್ದೆ.

ಜಗಳದ ಮೂಲ ಮೇಷ್ಟ್ರ ಪುಸ್ತಕ. ಚರ್ಚುಗಳ ಹಳೆಯ ದಫ್ತರ ಕೆದಕಿ, ಯಾವ ಮನೆತನ ಎಲ್ಲಿಂದ ಬಂತು, ಯಾವಾಗ ಯಾವ ದೇವರಿಗೆ ಕೈಮುಗಿಯಿತು ಎಂದು ಬರೆಯುತ್ತಿದ್ದರು. ಋಷಿಮೂಲ, ನದೀಮೂಲ ಕೆದಕಬಾರದು ಅನ್ನುತ್ತಾರೆ. ನಮ್ಮ ಲೀಕಾ ಸೀಮೆಯಲ್ಲಿ ಆ ಸಾಲಿಗೆ ಮನೆತನದ ಮೂಲವನ್ನೂ ಸೇರಿಸಬೇಕು.

ಬುಕೊವಾದಲ್ಲಿ ವುಕೆಲಿಚ್ ಅನ್ನುವ ಹೆಸರಿನ ಮನೆಗಳು ಹದಿನಾರು. ಒಂಬತ್ತು ಕ್ಯಾಥೊಲಿಕ್, ಏಳು ಆರ್ಥೊಡಾಕ್ಸ್. ನಮ್ಮ ಹೆಸರನ್ನು ಅವರು ಕದ್ದರು ಎಂದು ಇವರು, ಇವರೇ ನಮ್ಮಿಂದ ಒಡೆದು ಹೋದವರು ಎಂದು ಅವರು. “ಎರಡೂ ಕಡೆಯವರು ಒಂದೇ ತಾಯಿ ಮಕ್ಕಳು ಕಣ್ರಯ್ಯ” ಎಂದು ಮೇಷ್ಟ್ರು ಹೆಂಡದಂಗಡಿಯಲ್ಲಿ ಹೇಳಿದ್ದೇ ತಡ, ಆರ್ಥೊಡಾಕ್ಸ್ ಗೊಯ್ಕೊ ವುಕೆಲಿಚ್ ಕೊರಳಪಟ್ಟಿಗೆ ಕೈಹಾಕಿದ. ಕ್ಯಾಥೊಲಿಕ್ ಯೂರೆ ವುಕೆಲಿಚ್, ನಮ್ಮ ಪಂಚಾಯ್ತಿ ಅಧ್ಯಕ್ಷ, ಗಾಜಿನ ಲೋಟ ಎಸೆದ. ಜನ್ಮದಲ್ಲಿ ಅವರಿಬ್ಬರೂ ಒಂದಾದದ್ದು ಅದೊಂದೇ ಸಲ.

ಲೋಟ ಎಸೆದವನು ಊಟ ಮಾಡಿಕೊಂಡು ಮನೆಯಲ್ಲಿದ್ದ. ಕೊರಳಪಟ್ಟಿ ಹಿಡಿದವನು ಲಾಕಪ್ಪಿನಲ್ಲಿದ್ದ. ಕ್ಯಾಥೊಲಿಕ್, ಆರ್ಥೊಡಾಕ್ಸ್ ಅಂತ ಹೊಡೆದಾಡಿದ ಯುದ್ಧ ಮುಗಿದು ಎಂಟು ವರ್ಷವಾದರೂ ನಮ್ಮೂರಿನ ತಕ್ಕಡಿ ಹಾಗೇ ತೂಗುತ್ತದೆ.

ನಾನು ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡೆ. ಅಕ್ರೋಟಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ನನ್ನ ತಾಯಿ ನೆನಪಾದಳು.

ನಮ್ಮಪ್ಪ ಕುದುರೆಗಾಡಿ ಹೊಡೆಯುವ ಕ್ಯಾಥೊಲಿಕ್. ಅಮ್ಮ ಆರ್ಥೊಡಾಕ್ಸ್. ಯಾವ ಕಡೆಗೂ ಹೊಂದುವ ಸ್ಲಾವ್ಕೊ ಅನ್ನುವ ಹೆಸರು ಹುಡುಕಿ ಇಟ್ಟರು. ಎರಡು ಕಡೆಯವರೂ ನನ್ನನ್ನು ಬೆರಕೆ ಎಂದೇ ಕರೆದರು. ಅಮ್ಮನ ತವರಿನ ಮನೆದೇವರೂ ಗೊಯ್ಕೊ ಮನೆಯವರದೇ: ದೇವದೂತ ಮಿಹಾಯಿಲ. ಅವನ ದಿನ ಅಮ್ಮ ರೊಟ್ಟಿ ಸುಡುತ್ತಿದ್ದಳು, ವೈನ್ ಸುರಿಯುತ್ತಿದ್ದಳು, ಬತ್ತಿ ಹಚ್ಚುತ್ತಿದ್ದಳು.

ಗೋಧಿ ಮಾತ್ರ ಬೇಯಿಸುತ್ತಿರಲಿಲ್ಲ.

“ಡೊಮಾಗೊಯ್, ಗೊಯ್ಕೊ ಇದನ್ನ ತಂದಿಲ್ಲ,” ಎಂದೆ.

“ಏನು, ಕನಸು ಬಿತ್ತಾ?”

“ಗೋಧಿ ಬೇಯಿಸೋದು ಸತ್ತವರ ಹೆಸರಲ್ಲಿ. ಬೇರೆ ಸಂತರೆಲ್ಲ ಮನುಷ್ಯರಾಗಿ ಹುಟ್ಟಿ ಸತ್ತವರು, ಅವರ ಹಬ್ಬಕ್ಕೆ ಗೋಧಿ ಇಡ್ತಾರೆ. ಮಿಹಾಯಿಲ ದೇವದೂತ. ಅವನು ಸತ್ತೇ ಇಲ್ಲ. ಬೇರೆ ಸೀಮೇಲಿ ಹೆಂಗೋ, ನಮ್ಮ ಕಡೆ ದೇವದೂತನಿಗೆ ಗೋಧಿ ಇಲ್ಲ. ಬದುಕಿರೋನಿಗೆ ತಿಥಿ ಮಾಡಿದ ಹಾಗೆ ಆಗುತ್ತೆ.”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಈ ಅಡುಗೆಮನೆ ಶಾಸ್ತ್ರಾನ ಜಡ್ಜ್ ಮುಂದೆ ಹೇಳ್ತೀಯಾ? ಯಾರು ಕಲಿಸಿದ್ದು?”

“ನಿನ್ನಜ್ಜಿ.”

ನಗು ಅಲ್ಲಿಗೇ ನಿಂತಿತು. “ನನಗೆ ಆ ಕಡೆ ಅಜ್ಜಿ ಇಲ್ಲ,” ಎಂದ.

ಅವನಿಗೆ ಜ್ವರ ಬಂದಾಗಲೆಲ್ಲ ರಾತ್ರಿಯಿಡೀ ಕಾಲು ನೀವಿದವಳು ಅವಳು. ಅವನಪ್ಪ ಆಂಟೆ ಯುದ್ಧದ ಮೊದಲ ವರ್ಷವೇ ಅಮ್ಮನ ಪಟವನ್ನು ಗೋಡೆಯಿಂದ ಇಳಿಸಿದ್ದ. ಇವನು ಅಪ್ಪನಿಗೆ ತಕ್ಕ ಮಗ.

ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದ ಸಾವ್ಕಾಳನ್ನು ಒಳಗೆ ಕರೆದೆ. ಬಟ್ಟಲನ್ನು ನೋಡಿದ್ದೇ ಅವಳು ಹಿಂದಕ್ಕೆ ಸರಿದಳು.

“ಅಯ್ಯೋ, ಇದೇನಾ ನಮ್ಮನೇದು ಅಂದಿದ್ದು? ಸ್ಲಾವ್ಕೊ ಅಣ್ಣ, ಮಿಹಾಯಿಲನ ದಿನ ನಾನು ಗೋಧಿ ಬೇಯಿಸಿದ್ರೆ ನಮ್ಮತ್ತೆ ಗೋರಿಯಿಂದ ಎದ್ದು ಬಂದು ಬಾರಿಸ್ತಾಳೆ!”

“ಹಾಗಂತ ಇವರಿಗೆ ಯಾಕೆ ಹೇಳ್ಲಿಲ್ಲ?”

“ಯಾರಾದ್ರೂ ಕೇಳಿದ್ರಾ? ‘ನಿಮ್ಮನೇಲಿ ಹಬ್ಬ ಇತ್ತಾ’ ಅಂದ್ರು, ಹ್ಞೂಂ ಅಂದೆ. ಬಟ್ಟಲು ತೋರಿಸಿದ್ರಾ?”

ಮುನ್ನೂರು ವರ್ಷದಿಂದ ಬೇಲಿಯ ಎರಡು ಕಡೆ ಬದುಕಿದ ಜನ. ಒಬ್ಬರನ್ನೊಬ್ಬರು ಸುಡುವುದು ಹೇಗೆ ಎಂದು ಗೊತ್ತು. ಪಕ್ಕದ ಮನೆಯ ಒಲೆಯ ಮೇಲೆ ಯಾವತ್ತು ಏನು ಬೇಯುತ್ತದೆ ಎಂದು ಗೊತ್ತಿಲ್ಲ.

ಚೀಲದ ತಳದಲ್ಲಿ ಮುದುಡಿದ ಬಟ್ಟೆಯೊಂದು ಕಂಡಿತು. ಬಟ್ಟಲಿಗೆ ಮುಚ್ಚಿದ್ದ, ಬಿಳಿ ದಾರದಲ್ಲಿ ಹೆಣೆದ ಕ್ರೋಶಾ ಕಸೂತಿ. ಡೊಮಾಗೊಯ್ ಅದನ್ನು ಕಸದ ಹಾಗೆ ತುರುಕಿದ್ದ. ನಾನು ಬಿಡಿಸಿ ಸಾವ್ಕಾಳ ಮುಂದೆ ಹಿಡಿದೆ.

ಅವಳು ಅಂಚಿನ ಓಕ್ ಎಲೆಗಳನ್ನು ಬೆರಳಲ್ಲಿ ಸವರಿದಳು. “ಇದು ಮಾಂಡಕ್ಕನ ಕೈ. ಎಲೆ ತುದೀಲಿ ಎರಡು ಗಂಟು ಹಾಕೋದು ಅವಳೊಬ್ಬಳೇ. ಅದು ಅವಳ ಸಹಿ ಇದ್ದ ಹಾಗೆ. ಕ್ಯಾಥೊಲಿಕ್ ಚರ್ಚಿನ ಮೇಜಿನ ಮೇಲಿರೋದೂ ಅವಳು ಮಾಡಿದ್ದೇ.”

ಮಾಂಡಾ ಅಂದರೆ ಪಂಚಾಯ್ತಿ ಅಧ್ಯಕ್ಷ ಯೂರೆಯ ತಾಯಿ.

ನನಗೆ ಮೇಷ್ಟ್ರ ಪುಸ್ತಕ ನೆನಪಾಯಿತು. ಅದರಿಂದ ನಾಲ್ಕು ಹಾಳೆಗಳನ್ನು ಬ್ಲೇಡಿನಲ್ಲಿ ಕೊಯ್ದು ತೆಗೆದಿದ್ದರು. ಯಾವ ಮನೆತನದ ಹಾಳೆ ಎಂದು ಯಾರಿಗೂ ಗೊತ್ತಿರಲಿಲ್ಲ. ಈಗ ನನಗೆ ಗೊತ್ತಾಯಿತು ಅಂದುಕೊಂಡೆ.

“ಗೋಧಿ ಯಾರದು ಅಂತ ಬರವಣಿಗೇಲಿ ತಂದುಕೊಡು ದೊಡ್ಡಪ್ಪ,” ಎಂದ ಡೊಮಾಗೊಯ್, ಟೋಪಿ ಹಾಕಿಕೊಳ್ಳುತ್ತ. “ಗೊಯ್ಕೊನ ಇವತ್ತೇ ಬಿಡ್ತೀನಿ. ಜೀಪಲ್ಲಿ ಕರ್ಕೊಂಡು ಹೋಗ್ತೀನಿ ಬಾ. ಆದ್ರೆ ನಾನು ಒಳಗೆ ಬರಲ್ಲಪ್ಪ. ಯೂರೆಯನ್ನ ಎದುರು ಹಾಕ್ಕೊಳ್ಳೋಕೆ ನನಗೇನು ಹುಚ್ಚಾ?”

ಸಾವ್ಕಾ ನನ್ನ ತೋಳು ಹಿಡಿದಳು. “ನಾಳೆ ಅವರನ್ನ ಸಾಗಿಸಿಬಿಟ್ರೆ ಮುಗೀತು ಅಣ್ಣ. ಅಲ್ಲಿಂದ ನಮ್ಮೋರು ಯಾರೂ ವಾಪಸ್ ಬಂದಿಲ್ಲ.”

* * *

ಯೂರೆ ಮಧ್ಯಾಹ್ನದ ಊಟಕ್ಕೆ ಕೂತಿದ್ದ. ತಟ್ಟೆಯಲ್ಲಿ ಹುಳಿ ಎಲೆಕೋಸು, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ. ಅವನ ತಲೆಯ ಮೇಲೆ ಚಿನ್ನದ ಚೌಕಟ್ಟಿನಲ್ಲಿ ವುಕೆಲಿಚ್ ಮನೆತನದ ಲಾಂಛನ: ತೋಳ, ಕತ್ತಿ, ಕಿರೀಟ. ಆರು ವರ್ಷದ ಹಿಂದೆ ಜಾಗ್ರೆಬಿನ ಅಂಗಡಿಯಲ್ಲಿ ಮಾಡಿಸಿ ತಂದ ಸಾವಿರ ವರ್ಷದ ಲಾಂಛನ.

ಒಲೆಯ ಪಕ್ಕದಲ್ಲಿ ಮಾಂಡಕ್ಕ ಮೊರದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಳು. ಎಪ್ಪತ್ತರ ಮೇಲಿನ ವಯಸ್ಸು, ಕಪ್ಪು ತಲೆವಸ್ತ್ರ. ಗಂಡ ಸತ್ತಾಗಿನಿಂದ ಕಪ್ಪೇ. ನನ್ನನ್ನು ನೋಡಿ ತಲೆಯಾಡಿಸಿದಳು.

“ಓಹೋ, ಇನ್‌ಸ್ಪೆಕ್ಟರ್ ಸಾಹೇಬ್ರು!” ಎಂದ ಯೂರೆ. “ಪಿಂಚಣಿ ಸಾಲ್ತಿಲ್ವಾ? ಊಟ ಮಾಡ್ತೀರಾ?”

ನಾನು ಕ್ರೋಶಾ ಬಟ್ಟೆಯನ್ನು ಅವನ ತಟ್ಟೆಯ ಪಕ್ಕ ಹಾಸಿದೆ. ಮೊರದಲ್ಲಿ ಕಾಯಿ ಬಿಡಿಸುವ ಸದ್ದು ನಿಂತಿತು.

“ಇದು ಇಲ್ಲೇನು ಮಾಡ್ತಿದೆ?” ಎಂದ ಯೂರೆ.

“ಶುಕ್ರವಾರ ಮೇಷ್ಟ್ರ ತಲೆದೆಸೇಲಿ ಇತ್ತು. ಗೋಧಿ ಬಟ್ಟಲಿನ ಮೇಲೆ.”

“ಅಮ್ಮ ಇಂಥವು ನೂರು ಮಾಡಿದಾಳೆ. ಊರಲ್ಲಿ ಯಾರ ಮನೇಲಿಲ್ಲ ಹೇಳಿ?”

“ಗೊಯ್ಕೊ ಮನೇಲಿಲ್ಲ.”

ಅವನು ಫೋರ್ಕನ್ನು ಕೆಳಗಿಟ್ಟ. “ಗೊತ್ತಾಯ್ತು ಬಿಡಿ. ನಿಮ್ಮಮ್ಮನ ಕಡೆಯವನನ್ನ ಬಿಡಿಸೋಕೆ ನನ್ನ ಮನೆಗೆ ಬಂದಿದ್ದೀರಾ. ಬೆರಕೆ ಹಾಲು ಯಾವತ್ತಿದ್ರೂ ಒಡೆಯೋದೇ.”

“ಮೇಷ್ಟ್ರ ಪುಸ್ತಕದಲ್ಲಿ ನಾಲ್ಕು ಹಾಳೆ ಇಲ್ಲ ಯೂರೆ. ನಿನ್ನ ಈ ತೋಳ, ಕತ್ತಿ, ಕಿರೀಟ ಎಲ್ಲ ಅಂಗಡಿ ಮಾಲು ಅಂತ ಅದರಲ್ಲಿ ಬರೆದಿದ್ರು, ಅಲ್ವಾ? ಹಾಳೆ ಕಿತ್ಕೊಂಡೆ. ಗೊಯ್ಕೊ ತಲೆಗೆ ಕಟ್ಟೋಕೆ ಗೋಧಿ ಇಟ್ಟೆ. ಆದ್ರೆ ಅವನ ಮನೆದೇವರಿಗೆ ಗೋಧಿ ಇಡಲ್ಲ ಅನ್ನೋದು ನಿನಗೆ ಗೊತ್ತಿರಲಿಲ್ಲ. ಅವರ ಮನೇಲಿ ಯಾವತ್ತಾದ್ರೂ ಒಂದು ತುತ್ತು ತಿಂದಿದ್ರೆ ತಾನೇ ಗೊತ್ತಾಗೋದು?”

ಯೂರೆ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. “ಏಯ್ ಮುದುಕಾ! ನನ್ನ ಮನೇಲಿ ನಿಂತು ನನಗೇ—”

“ಕೂತ್ಕೋ,” ಎಂದಳು ಮಾಂಡಕ್ಕ.

ದನಿ ಏರಿಸಿರಲಿಲ್ಲ. ಆದರೂ ಅಧ್ಯಕ್ಷ ಕುರ್ಚಿ ಎತ್ತಿಟ್ಟು ಕೂತ.

“ಗೋಧಿ ಬೇಯಿಸಿದ್ದು ನಾನು. ಅಲ್ಲಿಟ್ಟಿದ್ದೂ ನಾನು. ಯಾರ ತಲೆಗೂ ಕಟ್ಟೋಕಲ್ಲ.”

“ಅಮ್ಮಾ!”

“ಸಂಜೆ ಐದೂವರೆಗೆ ಹೋದೆ. ಸತ್ತು ಬಿದ್ದಿದ್ದ. ಬತ್ತಿ ಹಚ್ಚಿದೆ, ಅವನ ಕೈ ಜೋಡಿಸಿದೆ, ಗೋಧಿ ಇಟ್ಟೆ. ಬತ್ತಿ ಇಲ್ಲದೆ ಕತ್ತಲಲ್ಲಿ ಹೋಗ್ಬಾರ್ದು ಅಂತ.”

ಆ ಬಟ್ಟಲಿನಲ್ಲಿ ನಾನು ಕಂಡದ್ದು ಹಬ್ಬಕ್ಕೆ ತಪ್ಪಾದ ಗೋಧಿ. ಅದು ಸಾವಿಗೆ ಸರಿಯಾದ ಗೋಧಿ ಎಂದು ನನಗೆ ಹೊಳೆದೇ ಇರಲಿಲ್ಲ.

“ಮಾಂಡಕ್ಕ, ಸತ್ತವರಿಗೆ ಗೋಧಿ ಬೇಯಿಸೋದು ಅವರ ಮನೆಯವರು. ಅದೂ ಆರ್ಥೊಡಾಕ್ಸ್ ಮನೆಯವರು. ಮೇಷ್ಟ್ರು ಕ್ಯಾಥೊಲಿಕ್ ಅಲ್ವಾ?”

“ಮನೆಯವಳೇ. ಯಾಕೋವ್ ನನ್ನ ತಮ್ಮ.”

ಯೂರೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

ಮುದುಕಿ ಹುರುಳಿಕಾಯಿಯ ಮೊರವನ್ನೇ ನೋಡುತ್ತ ಹೇಳಿದಳು. ಸಾವಿರದ ಒಂಬೈನೂರ ನಲವತ್ತೊಂದು, ಆರ್ಥೊಡಾಕ್ಸ್ ಜನರನ್ನು ಮನೆಮನೆಯಿಂದ ಎಳೆದೊಯ್ದು ಕೊಲ್ಲುತ್ತಿದ್ದ ವರ್ಷ. ಗುಡ್ಡದ ಆಚೆಯ ಊರು. ಅವಳಿಗೆ ಒಂಬತ್ತು ವರ್ಷ, ತಮ್ಮನಿಗೆ ಏಳು. ಒಂದು ಬೆಳಿಗ್ಗೆ ಅಪ್ಪ, ಅಮ್ಮ ಇಬ್ಬರನ್ನೂ ಕುದುರೆಗಾಡಿಗೆ ಹತ್ತಿಸಿಕೊಂಡು ಹೋದರು. ಗಾಡಿ ಖಾಲಿಯಾಗಿ ವಾಪಸ್ ಬಂತು.

“ಕ್ಯಾಥೊಲಿಕ್ ಫಾದರ್ ನಮ್ಮನ್ನ ಬಚ್ಚಿಟ್ಟು ತಲೆ ಮೇಲೆ ನೀರು ಹಾಕಿ ಅವರ ಮತಕ್ಕೆ ಸೇರಿಸಿದ್ರು. ಅವರನ್ನ ಬೈಬೇಡಿ, ನಮ್ಮನ್ನ ಉಳಿಸೋಕೇ ಹಾಕಿದ್ದು. ಸ್ಟೋಯಾ ಹೋಗಿ ಮಾಂಡಾ ಆದೆ. ಯೋವಾನ್ ಹೋಗಿ ಯಾಕೋವ್ ಆದ. ನನ್ನನ್ನ ಒಂದು ಮನೆಯವರು ಸಾಕ್ಕೊಂಡ್ರು, ಅವನನ್ನ ಮಿಲ್ಕೊವಿಚ್ ಮನೆಯವರು. ಆಮೇಲೆ ನಿಮ್ಮಪ್ಪನ್ನ ಮದುವೆಯಾಗಿ ಈ ಊರಿಗೆ ಬಂದೆ. ಅವನು ಮೇಷ್ಟ್ರಾದ್ಮೇಲೆ ವರ್ಗ ಕೇಳಿ ಇಲ್ಲಿಗೇ ಬಂದ.”

“ನಲವತ್ತು ವರ್ಷ ನಮ್ಮನೆಗೆ ಮೊಟ್ಟೆ ಕೊಳ್ಳೋಕೆ ಬರ್ತಿದ್ರು,” ಎಂದ ಯೂರೆ, ಪೆದ್ದನ ಹಾಗೆ.

“ಅವನಿಗೆ ಮೊಟ್ಟೆ ಸೇರ್ತಾನೇ ಇರ್ಲಿಲ್ಲ.”

ಹೇಳಿ ಅವಳು ತಲೆವಸ್ತ್ರದ ತುದಿ ಎಳೆದು ಮೂಗು ಒರೆಸಿಕೊಂಡಳು. ನನಗೆ ನಾಚಿಕೆಯಾಯಿತು. ವಾರಕ್ಕೆರಡು ಸಲ ಅಕ್ಕನ ಮುಖ ನೋಡಲು ಆರು ಮೊಟ್ಟೆಯ ನೆಪ ಹುಡುಕಬೇಕಾದ ಊರು ನಮ್ಮದು.

ಆದರೆ ಗೊಯ್ಕೊ ಲಾಕಪ್ಪಿನಲ್ಲಿದ್ದ. ನಾನು ಕಾಗದ, ಪೆನ್ನು ತೆಗೆದೆ. “ಇದನ್ನ ಬರ್ಕೊಳ್ತೀನಿ ಅಕ್ಕ. ಸಹಿ ಹಾಕ್ತೀರಾ?”

“ಬೇಡಮ್ಮ!” ಯೂರೆ ಅವಳ ಕಾಲ ಬಳಿ ಕುಕ್ಕರಿಸಿದ. “ವೇದಿಕೆ ಮೇಲೆ ನಿಂತು ನಾನು ಏನೇನು ಮಾತಾಡಿದೀನಿ ಅಂತ ನಿನಗೆ ಗೊತ್ತು. ನಾಳೆಯಿಂದ ಹೆಂಗೆ ತಲೆಯೆತ್ತಿ ತಿರುಗಾಡಲಿ?”

“ನೀನು ಮಾತಾಡೋವಾಗೆಲ್ಲ ನಾನು ಮೊದಲನೇ ಸಾಲಲ್ಲೇ ಕೂತಿದ್ದೆ ಮಗ. ನಾನು ತಲೆಯೆತ್ತಿ ಕೂತಿರಲಿಲ್ವಾ? ನಿನಗೂ ಅಭ್ಯಾಸ ಆಗುತ್ತೆ.”

ಅವನ ಮುಖ ಕಪ್ಪಿಟ್ಟಿತು. ನಾನು ಬರೆಯತೊಡಗಿದೆ. ಹೆಸರು, ವಯಸ್ಸು, ಬಟ್ಟಲು, ಬಟ್ಟೆ. ಇಷ್ಟು ಸಾಕು. ಸಂಜೆಯೊಳಗೆ ಗೊಯ್ಕೊ ಮನೆಯಲ್ಲಿರುತ್ತಾನೆ ಅಂದುಕೊಂಡೆ. ಲೆಕ್ಕಕ್ಕೆ ಇರಲಿ ಎಂದು ಕೊನೆಯದೊಂದು ಪ್ರಶ್ನೆ ಕೇಳಿದೆ.

“ಗೋಧಿ ಬೇಯಿಸಿದ್ದು ಯಾವಾಗ?”

“ಶುಕ್ರವಾರ ಬೆಳಿಗ್ಗೆ. ಗುರುವಾರ ರಾತ್ರಿ ನೆನೆಹಾಕಿದ್ದೆ. ನೆನೆಯದೆ ಎಲ್ಲಿ ಬೇಯುತ್ತೆ?”

ಪೆನ್ನು ನಿಂತಿತು.

ಡಾಕ್ಟರ ವರದಿ ನನ್ನ ಜೇಬಿನಲ್ಲೇ ಇತ್ತು. ಮೇಷ್ಟ್ರು ಸತ್ತದ್ದು ಶುಕ್ರವಾರ ಸಂಜೆ ನಾಲ್ಕರಿಂದ ಐದರೊಳಗೆ.

“ಮಾಂಡಕ್ಕ, ಗುರುವಾರ ರಾತ್ರಿ ಮೇಷ್ಟ್ರು ಬದುಕಿದ್ರು.”

“ಬದುಕಿದ್ದ. ನೀನು ನಿಂತಿದ್ದೀಯಲ್ಲ, ಅಲ್ಲೇ ನಿಂತಿದ್ದ. ಗೋಧಿ ತಂದುಕೊಟ್ಟವನೂ ಅವನೇ.” ಅವಳು ನನ್ನನ್ನು ಮೊದಲ ಸಲ ನೇರವಾಗಿ ನೋಡಿದಳು. “‘ನೆನೆಹಾಕು ಸ್ಟೋಯಾ’ ಅಂದ. ‘ನಾಳೆ ಸಂಜೆ ಆ ನಾಲ್ಕು ಹಾಳೆ ಕೇಳೋಕೆ ಬರ್ತಾನೆ. ಕೊಡದಿದ್ರೆ ಕೊಂದು ತಗೊಂಡು ಹೋಗ್ತೀನಿ ಅಂದಿದಾನೆ. ನಾನು ಕೊಡಲ್ಲ. ನಮ್ಮೋರ ಗೋಧಿ ಇಲ್ಲದೆ ನಾನು ಹೋಗಲ್ಲ’ ಅಂದ. ಮುದುಕ ತಮಾಷೆ ಮಾಡ್ತಿದಾನೆ ಅಂದ್ಕೊಂಡೆ. ಆದ್ರೂ ನೆನೆಹಾಕಿದೆ.”

“ಯಾರಮ್ಮ ಅದು?” ಎಂದ ಯೂರೆ.

ಠಾಣೆಯಿಂದ ಹೊರಟಾಗಿನಿಂದ ನಾನು ಕೊಲೆಗಾರ ಎಂದು ನಂಬಿದ್ದ ಮನುಷ್ಯ, ನಿಜವಾಗಿ ಗೊತ್ತಿಲ್ಲದವನ ದನಿಯಲ್ಲಿ ಕೇಳಿದ.

ಮುದುಕಿ ಅವನಿಗೆ ಉತ್ತರ ಕೊಡಲಿಲ್ಲ. ನನಗೆ ಕೊಟ್ಟಳು.

“ಹಾಳೆ ವುಕೆಲಿಚ್‌ಗಳದ್ದಲ್ಲ ಸ್ಲಾವ್ಕೊ. ನಮ್ಮಪ್ಪ, ಅಮ್ಮ ಇಬ್ಬರನ್ನೂ ಹೇರ್ಕೊಂಡು ಹೋದ ಗಾಡಿ ಯಾರದು ಅಂತ ಅದರಲ್ಲಿ ಬರೆದಿದ್ದ. ಕೊಲ್ತೀನಿ ಅಂದೋನ ಮನೆತನದ ಹೆಸರು ಮಾತ್ರ ನನಗೆ ಹೇಳ್ದ. ಡೊಶೆನ್.”

ಬುಕೊವಾದಲ್ಲಿ ಡೊಶೆನ್ ಗಂಡಸರು ಮೂವರೇ. ನಾನು, ನನ್ನ ತಮ್ಮ ಆಂಟೆ, ಅವನ ಮಗ.

ನಮ್ಮಪ್ಪನ ಗಾಡಿಯ ಗಾಲಿ ಈಗಲೂ ಆಂಟೆಯ ಕೊಟ್ಟಿಗೆಯ ಗೋಡೆಗೆ ನೇತು ಹಾಕಿದೆ. ನಲವತ್ತೊಂದರಲ್ಲಿ ಅಪ್ಪ ಏನು ಹೇರುತ್ತಿದ್ದ ಎಂದು ನಾನು ಒಂದು ದಿನವೂ ಕೇಳಿದವನಲ್ಲ. ಊರವರ ಮೂಲ ಕೆದಕಿದವನ ಕೇಸು ನೋಡಿದೆ, ನನ್ನ ಮೂಲ ಬಿಟ್ಟೆ. ಅಮ್ಮ ಯಾಕೆ ಅಪ್ಪನ ಗಾಡಿಗೆ ಸಾಯುವವರೆಗೂ ಹತ್ತಲಿಲ್ಲ ಎಂದು ಆ ಅಡುಗೆಮನೆಯಲ್ಲಿ ನಿಂತು ಮೊದಲ ಸಲ ಯೋಚಿಸಿದೆ.

“ಬರ್ಕೋ,” ಎಂದಳು ಮುದುಕಿ. “ಆ ಠಾಣೆಗೆ ಹೋಗಿ ನಾನು ಯಾರಿಗೆ ಹೇಳ್ಲಿ? ಪೂರ್ತಿ ಬರ್ಕೊಂಡ್ರೇ ಸಹಿ ಹಾಕ್ತೀನಿ. ಅರ್ಧಕ್ಕೆ ಹಾಕಲ್ಲ.”

ನನ್ನ ಕೈಯಲ್ಲಿ ಅರ್ಧ ತುಂಬಿದ ಹಾಳೆ. ಗೊಯ್ಕೊ ಹೊರಬರಬೇಕಾದರೆ ಅದನ್ನು ಕೊಡಬೇಕಾದದ್ದು ಠಾಣೆಯ ಮುಖ್ಯಸ್ಥನಿಗೆ.

ಅಂಗಳದಲ್ಲಿ ಜೀಪಿನ ಬಾಗಿಲು ತೆರೆದುಕೊಂಡಿತು. ಒಳಗೆ ಬರುವುದಿಲ್ಲ ಎಂದಿದ್ದವನ ಬೂಟಿನ ಸದ್ದು ಮೆಟ್ಟಿಲು ಹತ್ತಿತು.

“ದೊಡ್ಡಪ್ಪಾ,” ಎಂದು ಡೊಮಾಗೊಯ್ ಬಾಗಿಲಾಚೆಯಿಂದ ಕರೆದ. “ಬರೆದು ಮುಗೀತಾ? ಎಲ್ಲಿ, ಕೊಡು ನೋಡೋಣ.”